ಸ್ಪಂಜಿಗೆ ಇಟ್ಟ ಹೆಸರು

ನಮ್ಮ ಸರ್ ಅವರನ್ನು ಮಣ್ಣು ಮಾಡಿ ಬಂದವರು ಇನ್ನೂ ಕಾಲು ತೊಳೆದಿರಲಿಲ್ಲ, ಅವರ ಅಣ್ಣನ ಮಗ ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ಮಾಳಿಗಿ ಮ್ಯಾಲೆ ನಮ್ಮ ಸಣ್ಣಪ್ಪಾರ ಬಾಟ್ಲಿ ಅದಾವಲ್ರಿ, ಅವನ್ನೇನ್ ಮಾಡಬೇಕು? ಕಸದ ಗಾಡಿಗೆ ಹಾಕಿದ್ರ ತೊಗೊಂತಾರೇನ್ರಿ?" ಎಂದು ಕೇಳಿದ.

ಹುಡುಗ ಕೆಟ್ಟವನಲ್ಲ. ಹತ್ತಿ ವ್ಯಾಪಾರದ ಮನೆ; ಸೀಜನ್ ತಲೆಯ ಮೇಲೆ ಬಂದು ಕೂತಿತ್ತು, ಅವನಿಗೆ ಜಾಗ ಬೇಕಿತ್ತು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. "ಒಂದು ಬಾಟ್ಲಿ ಮುಟ್ಟಿದ್ರ ನೋಡು. ನಾನೇ ಬಂದು ಒಯ್ತೀನಿ" ಎಂದೆ. "ಪರವಾಲೇದು ಮೇಡಂ, ಅರ್ಜೆಂಟ್ ಏನಿಲ್ಲ" ಎಂದು ತೆಲುಗು ಬೆರೆಸಿ ಸಮಾಧಾನ ಹೇಳಿದ. ಸತ್ತವರ ಮನೆಯಲ್ಲಿ ನನಗೆ ಸಮಾಧಾನ ಹೇಳಿದವನು ಅವನೊಬ್ಬನೇ.

ಆ ಬಾಟಲಿಗಳಲ್ಲಿ ಇದ್ದದ್ದು ಸ್ಪಂಜು. ಪಾತ್ರೆ ತಿಕ್ಕುವ ಸ್ಪಂಜಲ್ಲ. ಸಮುದ್ರದ ತಳದ ಬಂಡೆಗೆ ಅಂಟಿಕೊಂಡು, ನೀರು ಸೋಸಿ ತಿಂದು ಬದುಕುವ ಜೀವಿ. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ, ಓಡಾಟವಿಲ್ಲ. ಆಂಧ್ರದ ಈ ಆದೋನಿಯಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ಒಂದು ರಾತ್ರಿಯ ದೂರ. ಇಲ್ಲಿ ಕೂತು ಒಬ್ಬ ಮನುಷ್ಯ ಜೀವನವೆಲ್ಲ ಸ್ಪಂಜಿನ ಜಾತಿ ಗುರುತಿಸುತ್ತ ಕಳೆದ ಎಂದರೆ ಊರಿಗೆ ಅದು ತಮಾಷೆಯಾಗದೆ ಇರುತ್ತದೆಯೇ? "ಪಾತ್ರಿ ತಿಕ್ಕೋದರ ಮ್ಯಾಲೆ ಡಾಕ್ಟರೇಟ್ ಮಾಡ್ಯಾರ" ಎಂದು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲೇ ನಗುತ್ತಿದ್ದರು. ಸರ್ ಕೂಡ ನಗುತ್ತಿದ್ದರು. ಹರೆಯದಲ್ಲಿ ವಿಶಾಖಪಟ್ಟಣಕ್ಕೆ ಓದಲು ಹೋದವರು ಅಲ್ಲಿಯ ಬಂಡೆಗಳ ಮೇಲೆ ಸ್ಪಂಜು ಕಂಡು ಅದಕ್ಕೆ ಅಂಟಿಕೊಂಡುಬಿಟ್ಟರು. ಮನೆಯವರು ವಾಪಸು ಕರೆಸಿದರು. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನೌಕರಿ ಸಿಕ್ಕಿತು. ಆಮೇಲೆ ಸಮುದ್ರವೇ ಪಾರ್ಸಲ್ಲಾಗಿ ಅವರ ಬಳಿಗೆ ಬರತೊಡಗಿತು. ಕರಾವಳಿಯಲ್ಲಿ ನೌಕರಿ ಹಿಡಿದ ಹಳೆಯ ಶಿಷ್ಯರು, ಮೀನಿನ ಬಲೆಗೆ ಸಿಕ್ಕು ದಂಡೆಗೆ ಬಿಸಾಡಿದ ಸ್ಪಂಜುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು.

ಸರ್ ಕುಳ್ಳಗಿದ್ದರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಚಿಮಟ. ಮೈಕ್ರೋಸ್ಕೋಪಿನಲ್ಲಿ ಇಣುಕಿ ಇಣುಕಿ ಎಡಗಣ್ಣು ಮುಚ್ಚುವುದು ಎಷ್ಟು ರೂಢಿಯಾಗಿತ್ತೆಂದರೆ ಮಾತಾಡುವಾಗಲೂ ಆ ಕಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಹೊಸ ಹುಡುಗರು ತಮ್ಮ ಮೇಲೆ ಏನೋ ಅನುಮಾನವಿದೆ ಎಂದು ಹೆದರುತ್ತಿದ್ದರು. ಅನುಮಾನ ಇದ್ದೇ ಇತ್ತು ಅನ್ನಿ, ಆದರೆ ಹುಡುಗರ ಮೇಲಲ್ಲ, ಕಣ್ಣಿಗೆ ಕಂಡದ್ದರ ಮೇಲೆ.

ನಾನು ಅವರ ಕೈಕೆಳಗೆ ಲೆಕ್ಚರರ್ ಆಗಿ ಸೇರಿದ ಮೊದಲ ವಾರ ನನ್ನ ಮುಂದೆ ಎರಡು ಸ್ಪಂಜು ಇಟ್ಟರು. ಒಂದು ಕಿತ್ತಳೆ ಬಣ್ಣದ್ದು, ಬೆರಳುಬೆರಳಾಗಿ ಎದ್ದಿತ್ತು. ಇನ್ನೊಂದು ಕಪ್ಪಗೆ, ರೊಟ್ಟಿಯಂತೆ ಚಪ್ಪಟೆ.

"ಎಷ್ಟು ಜಾತಿ ಅದಾವಮ್ಮ?"

"ಎರಡು, ಸರ್."

"ಖರೇ?"

ನನಗೆ ಸಿಟ್ಟು ಬಂತು. ಚಿನ್ನದ ಪದಕ ತಂದವಳು ನಾನು. ಪತ್ತಿಕೊಂಡದಿಂದ ದಿನಾ ಬಸ್ಸಿನಲ್ಲಿ ನಿಂತು ಬರುವುದು ಬಣ್ಣ ಗುರುತಿಸುವ ಪರೀಕ್ಷೆ ಕೊಡುವುದಕ್ಕಲ್ಲ. ಸರ್ ಎರಡರಿಂದಲೂ ಕಡಲೆಕಾಳಿನಷ್ಟು ಕೊಯ್ದು ಬೇರೆಬೇರೆ ಟ್ಯೂಬಿಗೆ ಹಾಕಿ ಬ್ಲೀಚು ಸುರಿದರು. ಮಾಂಸವೆಲ್ಲ ಕರಗಿ ನೊರೆಯಾಗಿ ಹೋಯಿತು. ತಳದಲ್ಲಿ ಹಿಟ್ಟಿನಂಥ ಬಿಳಿ ಪುಡಿ ಉಳಿಯಿತು. ಅದನ್ನು ಮತ್ತೆ ಮತ್ತೆ ನೀರಿನಲ್ಲಿ ತೊಳೆದು, ಒಂದು ಹನಿ ಗಾಜಿನ ಮೇಲೆ ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟರು. ನೋಡಿದರೆ ಗಾಜಿನ ಸೂಜಿಗಳ ರಾಶಿ. ಎರಡರಲ್ಲೂ ಒಂದೇ ಅಳತೆ, ಒಂದೇ ಆಕಾರ. ಎರಡೂ ಒಂದೇ ಜಾತಿ.

"ಮೈ ನೋಡಿ ಮೋಸ ಹೋಗಬ್ಯಾಡ. ಬಣ್ಣ ಬಿಸಿಲಿಗೆ ಬದಲಾಗತೈತಿ, ಆಕಾರ ಅಲೆಗೆ ಬದಲಾಗತೈತಿ. ಎಲುಬು ಕೇಳು, ಎಲುಬು ಹೇಳತೈತಿ" ಎಂದರು. ಸ್ಪಂಜಿನ ಎಲುಬೆಂದರೆ ಆ ಸೂಜಿಗಳೇ. ಕೆಲವಕ್ಕೆ ಎರಡೂ ತುದಿ ಚೂಪು. ಕೆಲವಕ್ಕೆ ಒಂದು ತುದಿಯಲ್ಲಿ ಗುಂಡುಸೂಜಿಯ ಹಾಗೆ ತಲೆ. ಕೆಲವು ನೆಗ್ಗಿಲ ಮುಳ್ಳಿನ ಹಾಗೆ ಎತ್ತ ಬಿದ್ದರೂ ಒಂದು ಮೊನೆ ಮೇಲಕ್ಕೇ. ಇವು ದೊಡ್ಡವು. ಇವುಗಳ ನಡುವೆ ಕಣ್ಣು ನೋಯುವಷ್ಟು ಸಣ್ಣವು ಇರುತ್ತವೆ: ಕುಡುಗೋಲಿನಂತೆ ಬಾಗಿದವು, ಕೊಕ್ಕೆಯಂಥವು, ನಕ್ಷತ್ರದಂಥವು. ಯಾವ ಸ್ಪಂಜಿನಲ್ಲಿ ಯಾವ ಯಾವ ಸೂಜಿ ಸೇರಿವೆ, ಮಾಂಸದೊಳಗೆ ಹೇಗೆ ಹೆಣೆದುಕೊಂಡಿವೆ ಎಂಬುದರ ಮೇಲೆ ಜಾತಿ ನಿಂತಿದೆ. ಕೆಲವು ಸ್ಪಂಜಿನ ಸೂಜಿ ಗಾಜಿನದಲ್ಲ, ಸುಣ್ಣದ್ದು; ಅಂಥದಕ್ಕೆ ಆಸಿಡ್ ಹಾಕಬಾರದು. ನಮ್ಮ ವಿದ್ಯಾರ್ಥಿಯೊಬ್ಬ ಹಾಕಿದ. ಬುಸುಬುಸು ಎಂದು ಎಲ್ಲ ಮಾಯ. "ಸಾಕ್ಷಿನ್ನೇ ಕರಗಿಸಿ ಕುಡದ್ಯಲ್ಲಪ್ಪಾ" ಎಂದು ಸರ್ ತಲೆಯ ಮೇಲೆ ಕೈ ಹೊತ್ತು ಕೂತರು.

ಅವರ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಂದು ಸ್ಪಂಜಿಗೆ ಒಂದು ಟ್ಯೂಬು. ಕೆಲಸ ಮುಗಿದ ಮೇಲೆ ತೊಳೆಯುವುದಿಲ್ಲ, ಒಡೆದು ಬಿಸಾಡುವುದು. ಗಾಜಿನ ಸೂಜಿ ಗಾಜಿಗೆ ಅಂಟಿಕೊಂಡರೆ ಎಷ್ಟು ತೊಳೆದರೂ ಬಿಡುವುದಿಲ್ಲ, ಮುಂದಿನ ಸ್ಪಂಜಿನಲ್ಲಿ ಸೇರಿಕೊಂಡು ಸುಳ್ಳು ಹೇಳುತ್ತದೆ. ಬ್ರಷ್ಷಂತೂ ಲ್ಯಾಬಿನ ಹೊಸ್ತಿಲು ದಾಟುವಂತಿರಲಿಲ್ಲ. ಅದರ ಕೂದಲ ಸಂದಿಯಲ್ಲಿ ಕೂತ ಸೂಜಿ ಯಾವಾಗ ಎಲ್ಲಿ ಉದುರುತ್ತದೋ ಯಾರಿಗೂ ತಿಳಿಯದು. ಆಫೀಸಿನಿಂದ ಗಾಜಿನ ಖರ್ಚಿನ ಬಗ್ಗೆ ಮೆಮೊ ಬಂದರೆ ಅದನ್ನು ಮಡಿಚಿ ಅಲುಗಾಡುವ ಮೇಜಿನ ಕಾಲ ಕೆಳಗೆ ಇಡುತ್ತಿದ್ದರು. ಹೊಸದರಲ್ಲಿ ನಾನು, ಲ್ಯಾಬಿನ ಸಿಂಕು ಹೊಲಸಾಗಿದೆ ಎಂದು ಕೆಮಿಸ್ಟ್ರಿಯವರ ಬ್ರಷ್ಷು ತಂದು ಟ್ಯೂಬುಗಳನ್ನು ಥಳಥಳ ಬೆಳಗಿ ಸಾಲಾಗಿ ಇಟ್ಟು, ಅವುಗಳಲ್ಲೇ ಮತ್ತೆ ಕೆಲಸ ಮಾಡಿದೆ. ಸರ್ ಬಂದು ನೋಡಿದರು. ನಾನು ಅವುಗಳಲ್ಲಿ ಮಾಡಿದ್ದ ಸ್ಲೈಡುಗಳನ್ನೂ ಸೇರಿಸಿ ಎಲ್ಲವನ್ನೂ ಡಬ್ಬಕ್ಕೆ ಸುರಿದರು. ವಾರದ ಕೆಲಸ. ನಾನು ಬಾತ್ರೂಮಿಗೆ ಹೋಗಿ ಅತ್ತು ಬಂದೆ. "ಅತ್ರ ಸೂಜಿ ಹೋಗಂಗಿಲ್ಲಮ್ಮ" ಎಂದರು. ಅಷ್ಟು ಕಠಿಣ ಮನುಷ್ಯ.

ಹತ್ತಿಯ ಧೂಳಿನ ಎದುರು ಮಾತ್ರ ಅವರ ಕಟ್ಟುನಿಟ್ಟು ಸೋಲುತ್ತಿತ್ತು. ಊರ ತುಂಬ ಜಿನ್ನಿಂಗ್ ಮಿಲ್ಲು. ಗಾಳಿಯಲ್ಲಿ ಎಳೆ ಹಾರಾಡುತ್ತಲೇ ಇರುತ್ತದೆ, ಎಷ್ಟು ಮುಚ್ಚಿದರೂ ಸ್ಲೈಡಿನಲ್ಲಿ ಒಂದಾದರೂ ಬಂದು ಬೀಳುತ್ತದೆ. ಹೊರದೇಶದ ಒಬ್ಬ ವಿದ್ವಾಂಸರು ಇವರ ಫೋಟೊ ನೋಡಿ, ಮೂಲೆಯಲ್ಲಿ ಹುರಿಗೊಂಡ ರಿಬ್ಬನ್ನಿನಂಥದ್ದು ಕಾಣುತ್ತಿದೆಯಲ್ಲ, ಅದು ಯಾವ ಬಗೆಯ ಸೂಜಿ ಎಂದು ಮೇಲ್ ಬರೆದು ಕೇಳಿದ್ದರು. "ಅದು ನಮ್ಮಣ್ಣನ ವ್ಯಾಪಾರ ಅಂತ ಬರದೀನಿ" ಎಂದು ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸ್ಪಂಜು ಮುಟ್ಟಿ ಮುಟ್ಟಿ ಅವರ ಬೆರಳ ತುದಿಗಳಲ್ಲಿ ಸದಾ ಸೂಜಿ ಚುಚ್ಚಿಕೊಂಡಿರುತ್ತಿದ್ದವು. ಕೈಯಿಂದ ಉಂಡರೆ ನಾಲಿಗೆಗೂ ಚುಚ್ಚುತ್ತವೆ ಎಂದು ಮನೆಯಲ್ಲಿ ಚಮಚದಲ್ಲಿ ಉಣ್ಣುತ್ತಿದ್ದರು. ಅವರ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, "ನಮ್ಮ ಮೈದುನಾರು ದೊರಿ ಆಗ್ಯಾರ" ಎಂದು ಆಡಿಕೊಳ್ಳುತ್ತಿದ್ದರು. ಸಂಜೆ ಸರ್ ಅವರ ಹೆಂಡತಿ ಮಾಳಿಗೆಯ ಮೆಟ್ಟಿಲಲ್ಲಿ ಕೂತು ಗಂಡನ ಒಂದೊಂದೇ ಬೆರಳಿಗೆ ಅಂಟುಪಟ್ಟಿ ಒತ್ತಿ ಎಳೆದು ಸೂಜಿ ತೆಗೆಯುತ್ತಿದ್ದರು. ಆ ಹೆಂಗಸನ್ನು ನಾನು ಅಕ್ಕಾರೆ ಎನ್ನುತ್ತಿದ್ದೆ. ಮಗಳು ಪಕ್ಕದಲ್ಲಿ ಪುಸ್ತಕ ಹಿಡಿದು, "ಅಪ್ಪಾ, ಗುಂಡುಸೂಜಿ ಬಂತಾ, ಬರೇ ಸೂಜಿ ಬಂತಾ?" ಎಂದು ರೇಗಿಸುತ್ತಿದ್ದಳು. ಒಬ್ಬಳೇ ಮಗಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಆ ಹುಡುಗಿ ಇಂಟರ್ ಎರಡನೇ ವರ್ಷದಲ್ಲಿ, ಅಂದರೆ ಪಿಯುಸಿಯಲ್ಲಿ, ಇದ್ದಾಗ ಜ್ವರ ಬಂತು. ಊರಿನ ಆಸ್ಪತ್ರೆಯಲ್ಲಿ ಬರೀ ಜ್ವರವೆಂದರು. ಆಮೇಲೆ ಕರ್ನೂಲಿಗೆ ಒಯ್ಯಿರಿ ಎಂದರು. ಎಮ್ಮಿಗನೂರು ದಾಟುವಾಗ ಆಂಬ್ಯುಲೆನ್ಸಿನಲ್ಲಿ ಸಲೈನ್ ಬಾಟಲಿ ಹಿಡಿದು ನಿಂತಿದ್ದವರು ಸರ್. ಮಗಳ ಉಸಿರು ನಿಂತದ್ದು ಅವರಿಗೆ ತಿಳಿಯಿತು, ಪಕ್ಕದಲ್ಲಿ ತಲೆ ಸವರುತ್ತಿದ್ದ ಅಕ್ಕಾರಿಗೆ ತಿಳಿದಿರಲಿಲ್ಲ. ಕರ್ನೂಲು ಮುಟ್ಟುವತನಕ ಬಾಟಲಿ ಕೆಳಗಿಳಿಸದೆ ನಿಂತೇ ಇದ್ದರಂತೆ. ಹೆಂಡತಿಗೆ ಅಷ್ಟು ದೂರವಾದರೂ ಮಗಳು ಇರಲಿ ಎಂದು. ಇದನ್ನು ಅವರು ನನಗೆ ಹೇಳಿದ್ದು ಬಹಳ ವರ್ಷದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ.

ಅಕ್ಕಾರು ಮಲಗಿಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗಿದವರು ಒಂದು ಹತ್ತಿ ಸೀಜನ್ ಪೂರ್ತಿ ಏಳಲಿಲ್ಲ. ಉಣಿಸಿದರೆ ಉಣ್ಣುವುದು, ಎಬ್ಬಿಸಿದರೆ ಕೂರುವುದು. ಆ ಹೊತ್ತಿಗೆ ಸರ್ ರಿಟೈರ್ ಆಗಿದ್ದರು. ಕಾಲೇಜಿನವರು ಪ್ರಾಣಿಶಾಸ್ತ್ರಕ್ಕೆ ಹುಡುಗರು ಸೇರುವುದಿಲ್ಲವೆಂದು ಲ್ಯಾಬನ್ನು ಕಂಪ್ಯೂಟರ್ ಕೋಣೆ ಮಾಡಿಕೊಂಡರು. ಸರ್ ಮೈಕ್ರೋಸ್ಕೋಪು, ಬಾಟಲಿ, ಇದ್ದ ಕೆಲವೇ ಟ್ಯೂಬುಗಳನ್ನು ಮನೆಯ ಮಾಳಿಗೆಗೆ ತಂದಿಟ್ಟುಕೊಂಡು, ಕೆಳಗೆ ಹೆಂಡತಿ ಮಲಗಿದ್ದಾಗ ಮೇಲೆ ಸ್ಪಂಜು ಕರಗಿಸುತ್ತ ಕೂರುತ್ತಿದ್ದರು. ಬೇರೇನು ಮಾಡಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ.

ಮುಂದಿನದನ್ನು ಬರೆಯಬಹುದೋ ಬಾರದೋ ಎಂದು ಬಹಳ ದಿನ ಯೋಚಿಸಿದೆ. ಅಕ್ಕಾರು ಕನ್ನಡ ಆಡಿ ಬೆಳೆದವರು, ಆದರೆ ಓದಿದ್ದು ತೆಲುಗು ಶಾಲೆಯಲ್ಲಿ; ಕನ್ನಡ ಅಕ್ಷರ ಬಾರದು. ಆ ಮನೆಯ ಹುಡುಗರಿಗೂ ಅಷ್ಟೆ. ಕನ್ನಡ ಓದುತ್ತಿದ್ದವರು ಸರ್ ಒಬ್ಬರೇ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಒಂದು ದಿನ ಅಕ್ಕಾರು ತಾವಾಗಿಯೇ ಎದ್ದು, ಗೋಡೆ ಹಿಡಿದುಕೊಂಡು ಮಾಳಿಗೆ ಹತ್ತಿ ಬಂದರು. ಸರ್ ಆಗ ಉಪಯೋಗಿಸಿದ ಟ್ಯೂಬು ಒಡೆಯುವುದಕ್ಕೆ ಕೈ ಎತ್ತಿದ್ದರು.

"ಚಲೋ ಸೀಸೆ ಯಾಕ ಒಡೀತೀರಿ? ಕೊಡ್ರಿ ಇಲ್ಲಿ, ತೊಳೀತೀನಿ."

ಮಗಳು ಹೋದ ಮೇಲೆ ಅಕ್ಕಾರ ಬಾಯಿಂದ ಪೂರ್ತಿಯಾಗಿ ಬಂದ ಮೊದಲ ಮಾತು ಅದು. ನಾನು ಅಲ್ಲೇ ಇದ್ದೆ. ಸರ್ ನನ್ನ ಕಡೆ ನೋಡಿದರು. ಯಾವತ್ತೂ ಅರ್ಧ ಮುಚ್ಚಿರುತ್ತಿದ್ದ ಆ ಕಣ್ಣು ಪೂರ್ತಿ ತೆರೆದಿತ್ತು. ಆಮೇಲೆ ಟ್ಯೂಬನ್ನು ಹೆಂಡತಿಯ ಕೈಗೆ ಕೊಟ್ಟರು. ಅಕ್ಕಾರು ಕೆಳಗೆ ಹೋಗಿ, ಹಾಲಿನ ಬಾಟಲಿ ತೊಳೆಯುವ ಬ್ರಷ್ಷು ಹುಡುಕಿ ತಂದು, ನಲ್ಲಿಯ ಕೆಳಗೆ ಕೂತು ಅದನ್ನು ತಿಕ್ಕಿ ತಿಕ್ಕಿ ತೊಳೆದರು.

ಅಂದಿನಿಂದ ಅದು ಅಕ್ಕಾರ ಕೆಲಸವಾಯಿತು. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಮಾಳಿಗೆಗೆ ಬರುವುದು. ಟ್ಯೂಬು, ಗಾಜಿನ ತಟ್ಟೆ, ಚಾಕು ಎಲ್ಲ ತೊಳೆದು ಬಿಸಿಲಿಗೆ ಬೋರಲು ಹಾಕುವುದು. ಉಣ್ಣತೊಡಗಿದರು. ತಲೆ ಬಾಚಿಕೊಳ್ಳತೊಡಗಿದರು. ಗಂಡನ ಬೆರಳಿನ ಸೂಜಿ ತೆಗೆಯಲು ಮತ್ತೆ ಮೆಟ್ಟಿಲ ಮೇಲೆ ಕೂತರು. "ಸರ್, ಬ್ರಷ್ಷು" ಎಂದು ನಾನು ಒಮ್ಮೆ ಬಾಯಿ ತೆರೆದೆ. "ಗೊತ್ತೈತಿ, ಸುಮ್ನಿರು" ಎಂದರು. ಆಮೇಲೆ ಆ ಮಾತು ನಾನು ಎತ್ತಲಿಲ್ಲ.

ಅದೇ ಸುಮಾರಿಗೆ ರಾಮೇಶ್ವರದ ಕಡೆಯಿಂದ ಒಂದು ಹಳದಿ ಸ್ಪಂಜು ಬಂತು. ಅದರ ದೊಡ್ಡ ಸೂಜಿಗಳೆಲ್ಲ ಬಹಳ ಹಿಂದೆಯೇ ಹೆಸರು ಪಡೆದ ಒಂದು ಜಾತಿಯವೇ. ಆದರೆ ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ನಕ್ಷತ್ರ, ಆರು ಮೊನೆ, ಮೊನೆಯ ತುದಿಗೆ ಮತ್ತೆ ಸಣ್ಣ ಮುಳ್ಳು. ಆ ಹಳೆಯ ಜಾತಿಗೆ ನಕ್ಷತ್ರವಿಲ್ಲ. ಮಾಂಸವನ್ನು ತೆಳ್ಳಗೆ ಕೊಯ್ದು ನೋಡಿದರೆ ಅಲ್ಲೂ ಒಂದೆರಡು ಕಂಡವು. ಅಂದರೆ ಹೊಸ ಜಾತಿ. ಜೀವನವೆಲ್ಲ ಬೇರೆಯವರು ಇಟ್ಟ ಹೆಸರುಗಳನ್ನು ಗುರುತಿಸಿದ ಮನುಷ್ಯನಿಗೆ ತಾನೇ ಹೆಸರಿಡುವ ಅವಕಾಶ.

ಆಗ ಆ ಮನೆಯಲ್ಲಿ ಅಣ್ಣನ ಮಗನಿಗೆ, ಮೊದಲು ಬಾಟಲಿಯ ಮಾತೆತ್ತಿದನಲ್ಲ ಅವನಿಗೆ, ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲ ದಿನ ಹತ್ತಿರ ಬಂದಾಗ ಅಕ್ಕಾರು, ನಮ್ಮ ಹುಡುಗಿಯ ಹೆಸರಿಡೋಣ ಎಂದು ಕೇಳಿದರು. ನೆಗೆಣ್ಣಿ, ಅದೇ ಚಮಚದ ಮಾತಾಡಿದ ಹಿರಿಯ ಹೆಂಗಸು, ಒಪ್ಪಲಿಲ್ಲ. "ಹರೇದಾಗ ಹೋದಾಕಿ ಹೆಸರು ಕೂಸಿಗೆ ಇಡತಾರೇನ ತಂಗಿ? ಆಕಿ ಆಯುಷ್ಯನ ಇದಕ್ಕೂ ಬಂದ್ರ?" ಎಂದರು. ನಮ್ಮ ಕಡೆ ಹಿರಿಯರ ಹೆಸರು ಮೊಮ್ಮಕ್ಕಳಿಗೆ ಬರುತ್ತದೆ, ಬಾಳಿ ಬದುಕಿ ಹೋದವರ ಹೆಸರು ಮಾತ್ರ. ಹರೆಯದಲ್ಲಿ ಸತ್ತವರ ಹೆಸರು ಅವರ ಜೊತೆಗೇ ಮಣ್ಣಿಗೆ ಹೋಗಬೇಕು. ಅಕ್ಕಾರು ಮಾಳಿಗೆ ಹತ್ತಿ ಬಂದು ತೊಳೆದ ಟ್ಯೂಬುಗಳನ್ನೇ ಮತ್ತೆ ತೊಳೆದರಂತೆ.

ಸರ್ ಆ ಸ್ಪಂಜಿಗೆ ಮಗಳ ಹೆಸರಿಟ್ಟರು. ಲ್ಯಾಟಿನ್ನಿನ ಬಾಲ ಹಚ್ಚಿ, ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಆ ಪುಟವನ್ನು ಅಕ್ಕಾರು ಕಟ್ಟು ಹಾಕಿಸಿ ದೇವರ ಜಗಲಿಯ ಪಕ್ಕ ನಿಲ್ಲಿಸಿದರು. ಬಂದವರಿಗೆಲ್ಲ ನಕ್ಷತ್ರದ ಚಿತ್ರ ತೋರಿಸಿ, "ಇದು ನಮ್ಮಾಕಿ ಚುಕ್ಕಿ. ಮನ್ಯಾಗ ಜಾಗ ಕೊಡಲಿಲ್ಲ, ಸಮುದ್ರದಾಗ ಸಿಕ್ಕೈತಿ" ಎನ್ನುತ್ತಿದ್ದರು. ಸರ್ ಪಕ್ಕದಲ್ಲಿ ನಿಂತು ಮೀಸೆಯಲ್ಲೇ ನಗುತ್ತಿದ್ದರು. ಆ ಮನೆಯಲ್ಲಿ ಮತ್ತೆ ನಗು ಕಂಡದ್ದು ಆ ವರ್ಷ ಒಂದೇ.

ಅದೇ ಜಾಗದಿಂದ, ಅದೇ ಹಳದಿ ಸ್ಪಂಜು ಇನ್ನೊಂದಿಷ್ಟು ಬಂತು. ಸಣ್ಣ ಸೀಸೆಗಳಲ್ಲಿ ಕಳಿಸಿದ ಶಿಷ್ಯೆ ತಾನೇ ಅಲ್ಲಿ ಒಂದನ್ನು ಕರಗಿಸಿ, ಸ್ಲೈಡು ಮಾಡಿ ಜೊತೆಗಿಟ್ಟಿದ್ದಳು. ಸರ್ ಆ ಸ್ಲೈಡು ನೋಡಿದರು. ನಕ್ಷತ್ರ ಇರಲಿಲ್ಲ. ಮತ್ತೆ ನೋಡಿದರು. ನನಗೆ ಫೋನು ಮಾಡಿ, "ಹೊಸ ಟ್ಯೂಬು ಇದ್ರ ತೊಗೊಂಡು ಬಾರಮ್ಮ" ಎಂದರು. ಅದು ಭಾನುವಾರದ ಮಧ್ಯಾಹ್ನ. ಅಕ್ಕಾರು ಎಮ್ಮಿಗನೂರಿಗೆ ಮದುವೆಗೆ ಹೋಗಿದ್ದರು. ಹೊಸ ಟ್ಯೂಬಿನಲ್ಲಿ ಕರಗಿಸಿದ ಯಾವ ತುಂಡಿನಲ್ಲೂ ನಕ್ಷತ್ರ ಇರಲಿಲ್ಲ.

ಸರ್ ಎದ್ದು ನಲ್ಲಿಯ ಬಳಿ ಒಣಗಿಸಿಟ್ಟ ಬ್ರಷ್ಷು ತಂದರು. ಹೊಸ ಟ್ಯೂಬಿಗೆ ಸೋಸಿದ ನೀರು ಹಾಕಿ, ಬ್ರಷ್ಷನ್ನು ಅದರಲ್ಲಿ ಆಡಿಸಿದರು. ಸ್ಪಂಜಿಲ್ಲ, ಏನಿಲ್ಲ, ಬರೀ ನೀರು. ಅದರ ಹನಿ ಒಣಗಿಸಿ ಮೈಕ್ರೋಸ್ಕೋಪಿಗೆ ಇಟ್ಟರು. ನೋಡಿ ಪಕ್ಕಕ್ಕೆ ಸರಿದು, "ನೀನು ನೋಡು" ಎಂದರು. ನಾನು ನೋಡಿದೆ. ಆರು ಮೊನೆಯ ನಕ್ಷತ್ರ ನಿಚ್ಚಳವಾಗಿ ಬಿದ್ದಿತ್ತು. ಅದಕ್ಕೂ ಮುಂಚೆ ಕರಗಿಸಿದ್ದ ಇನ್ನಾವುದೋ ಸ್ಪಂಜಿನದು. ಬ್ರಷ್ಷಿನ ಕೂದಲಲ್ಲಿ ಕೂತು, ಟ್ಯೂಬಿನಿಂದ ಟ್ಯೂಬಿಗೆ, ತಟ್ಟೆಗೆ, ಚಾಕುವಿಗೆ ನಡೆದು ಬಂದಿತ್ತು. ಪಕ್ಕದಲ್ಲಿ ಹತ್ತಿಯ ಒಂದು ಎಳೆಯೂ ಇತ್ತು. ನನಗೆ ಅಳು ಬಂತು.

"ಸರ್, ಬಿಟ್ಟುಬಿಡ್ರಿ. ಯಾರ್ ನೋಡತಾರ? ಈ ಸ್ಪಂಜಿನ ಮ್ಯಾಲೆ ಕೆಲಸ ಮಾಡೋರು ದೇಶದಾಗ ಎಷ್ಟು ಮಂದಿ ಅದಾರ?"

"ಇವತ್ತಿಲ್ಲ ನಾಳಿ ಯಾರೋ ಒಬ್ಬರು ಹುಡುಕತಾರ. ನಕ್ಷತ್ರ ಸಿಗಂಗಿಲ್ಲ. ಆಗ ಏನಂತಾರ? ಈ ಜಾತಿ ಸುಳ್ಳು ಅಂತಾರ. ಯಾರ ಹೆಸರು ಹಿಡಿದು ಅಂತಾರ?" ಸ್ಲೈಡನ್ನು ತೆಗೆದು ಪಕ್ಕಕ್ಕಿಟ್ಟು, "ಆಕಿ ಹೆಸರಿಗೆ ಸುಳ್ಳು ಅಂಟಬಾರದಮ್ಮ" ಎಂದರು.

"ಅಕ್ಕಾರಿಗೆ ಏನಂತ ಹೇಳತೀರಿ?"

"ನನ್ನ ತಪ್ಪು ಅಂತ ಹೇಳತೀನಿ. ನನ್ನ ತಪ್ಪ ಅಲ್ಲೇನು? ನಿಯಮ ಗೊತ್ತಿದ್ದಾಂವ ನಾನು. ಟ್ಯೂಬು ಕೈಯಾಗ ಕೊಟ್ಟಾಂವ ನಾನು. ಬ್ರಷ್ಷಿನ ಮಾತು ಆಕಿ ಕಿವಿಗೆ ಬೀಳಬಾರದು. ಮಗಳನ್ನ ಉಳಿಸಿಕೊಳ್ಳಲಿಲ್ಲ ಅಂತ ಒಂದು ಐತಿ ಆಕಿ ಎದಿಯಾಗ. ಇದೊಂದು ಬ್ಯಾಡ. ನಂಗ ಮಾತು ಕೊಡು."

ಕೊಟ್ಟೆ. ಬ್ರಷ್ಷನ್ನು ತೊಳೆದು ಇದ್ದಲ್ಲೇ ಇಟ್ಟರು. ಆಮೇಲೂ ಕೆಲವು ತಿಂಗಳು ಅಕ್ಕಾರು ಟ್ಯೂಬು ತೊಳೆಯುತ್ತಲೇ ಇದ್ದರು. ಸರ್ ಬಳ್ಳಾರಿಯಿಂದ ಬೇರೆ ಟ್ಯೂಬುಗಳನ್ನು ತರಿಸಿ ಕಪಾಟಿನಲ್ಲಿ ಬಚ್ಚಿಟ್ಟುಕೊಂಡು ಕೆಲಸಕ್ಕೆ ಅವನ್ನು ಬಳಸುತ್ತಿದ್ದರು. ಹಳೆಯ ಟ್ಯೂಬುಗಳಿಗೆ ಬರೀ ಬ್ಲೀಚು, ಒಂದಿಷ್ಟು ಮಣ್ಣು ಹಾಕಿ ಕದಡಿ, ಹೆಂಡತಿ ತೊಳೆಯಲಿ ಎಂದು ನಲ್ಲಿಯ ಬಳಿ ಇಡುತ್ತಿದ್ದರು. ಅದನ್ನು ನೋಡಿದ ದಿನ ನಾನು ಅವರ ಮೇಲೆ ರೇಗಿದೆ. ಇಂಥ ನಾಟಕಕ್ಕಿಂತ ಬಾಯಿ ಬಿಟ್ಟು ಹೇಳುವುದು ಮೇಲಲ್ಲವೇ ಎಂದೆ. ಅವರು ಇನ್ನೊಂದು ಟ್ಯೂಬಿಗೆ ಮಣ್ಣು ಹಾಕಿ ಕದಡಿದರು.

ತಿದ್ದುಪಡಿ ಅಚ್ಚಾಯಿತು. ಒಂದು ಸಣ್ಣ ಪ್ಯಾರಾ. ಲೇಖಕನ ಸ್ವಂತ ಅಜಾಗರೂಕತೆಯಿಂದ ಬೇರೆ ಸ್ಪಂಜಿನ ಸೂಜಿ ಸೇರಿತ್ತು, ಇದು ಹೊಸ ಜಾತಿಯಲ್ಲ, ಹಳೆಯದೇ ಎಂದು. ಹೊಸ ಹೆಸರನ್ನು ಹಳೆಯ ಹೆಸರಿನ ಕೆಳಗೆ, ಅಸಿಂಧು ಎಂದು ಸೇರಿಸಿದರು. ಅವತ್ತೇ ಜಗಲಿಯ ಪಕ್ಕದ ಕಟ್ಟು ತೆಗೆದು ಅಕ್ಕಾರ ಮುಂದೆ ಕೂತು ತಾವೇ ಹೇಳಿದರು. ತುಂಬಿದ ಮನೆ, ನೆಗೆಣ್ಣಿ, ಅವರ ಸೊಸೆ, ಸೊಸೆಯ ತೊಡೆಯ ಮೇಲೆ ಆ ಕೂಸು, ಎಲ್ಲರೂ ಇದ್ದರು. ನಾನೂ ಇದ್ದೆ.

ಅಕ್ಕಾರು ಅಳಲಿಲ್ಲ. "ಒಂದು ಸಲ ಮಣ್ಣು ಮಾಡಿದ್ದು ಸಾಕಾಗಲಿಲ್ಲೇನು ನಿಮಗ?" ಎಂದು ಕೇಳಿದರು. "ಊರೆಲ್ಲ ನಂಬಿತ್ತು. ಸುಮ್ಮನಿದ್ದಿದ್ರ ಯಾರ ಗಂಟು ಹೋಗತಿತ್ತು? ಆಕಿಗಿಂತ ನಿಮ್ಮ ದೊಡ್ಡಸ್ತಿಕಿನ ದೊಡ್ಡದಾತು." ಸರ್ ತಲೆ ತಗ್ಗಿಸಿ ಕೂತಿದ್ದರು. ಒಂದು ಮಾತು ಹೇಳಿದ್ದರೆ ಆ ಕ್ಷಣವೇ ಎಲ್ಲ ತಿರುವುಮುರುವಾಗುತ್ತಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹೇಳಲಿಲ್ಲ.

ಅಕ್ಕಾರು ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟರು. ಮಾಳಿಗೆ ಹತ್ತುವುದೂ ಬಿಟ್ಟರು. ಮಲಗಲಿಲ್ಲ, ಅದೊಂದು ಪುಣ್ಯ. ಕೆಳಗೆ ನೆಗೆಣ್ಣಿಯ ಅಡಿಗೆಮನೆ ಸೇರಿ ರೊಟ್ಟಿ ಬಡಿಯತೊಡಗಿದರು. ಸಿಟ್ಟು ಅವರನ್ನು ನಡೆಸುತ್ತಿತ್ತು. ಸರ್ ಅವರಿಗೆ ಸೊಸೆಯ ಕೈಯಲ್ಲಿ ಊಟ ಹೋಗುತ್ತಿತ್ತು. ನಾನು ಹೋದಾಗಲೆಲ್ಲ ಅವರು ಕಿಟಕಿಯ ಬಳಿ ಕೂತು, ಒಂದು ಕೈಯ ಬೆರಳಿಗೆ ಅಂಟುಪಟ್ಟಿ ಸುತ್ತಿ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಳ್ಳುತ್ತಿದ್ದರು. ಸೂಜಿ ಅರ್ಧಕ್ಕೇ ಮುರಿದು ಒಳಗೆ ಉಳಿಯುತ್ತಿತ್ತು. ಬೆರಳೆಲ್ಲ ಬಾತು ಕೆಂಪಗಾಗಿದ್ದವು. "ನಾನು ತೆಗೀಲೇನ್ರಿ ಸರ್?" ಎಂದರೆ, "ಬ್ಯಾಡಮ್ಮ, ಆಕಿ ನೋಡಿದ್ರ ಬ್ಯಾಸರ ಮಾಡಿಕೊಂತಾಳ" ಎನ್ನುತ್ತಿದ್ದರು. ನೋಡುವುದಕ್ಕೆ ಅಕ್ಕಾರು ಮೇಲೆ ಬರುತ್ತಲೇ ಇರಲಿಲ್ಲ.

ಹೀಗೇ ವರ್ಷಗಳು ಹೋದವು. ಈ ಸಲದ ಚಳಿಗಾಲದಲ್ಲಿ ಊಟ ಕೊಡಲು ಹೋದ ಸೊಸೆಗೆ ಸರ್ ಮೈಕ್ರೋಸ್ಕೋಪಿನ ಮೇಲೆ ತಲೆಯಿಟ್ಟು ಕೂತಿದ್ದು ಕಂಡಿತು. ಎದೆನೋವು ಬಂದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಕೆಳಗೆ ಹೇಳಿ ಕಳಿಸಬೇಕೆಂದರೆ ಯಾರನ್ನು ಕರೆಯಬೇಕೆಂದು ಅವರಿಗೆ ತೋಚಿರಲಿಕ್ಕಿಲ್ಲ.

ಬಾಟಲಿ ಒಯ್ಯಲು ನಾನು ಹೋದದ್ದು ದಿವಸದ ಕಾರ್ಯ ಎಲ್ಲ ಮುಗಿದ ಮೇಲೆ. ಡಬ್ಬಗಳಲ್ಲಿ ಹುಲ್ಲು ತುಂಬಿ ಬಾಟಲಿ ಜೋಡಿಸುತ್ತಿದ್ದೆ. ಮೆಟ್ಟಿಲ ಮೇಲೆ ಸಪ್ಪಳವಾಯಿತು. ಅಕ್ಕಾರು. ಉಸಿರು ಕಟ್ಟಿತ್ತು, ಗೋಡೆ ಹಿಡಿದು ನಿಂತು ಕೋಣೆಯೆಲ್ಲ ನೋಡಿದರು. ಆಮೇಲೆ ನನ್ನ ಎದುರಿಗೆ ನೆಲದ ಮೇಲೆ ಕೂತರು.

"ತಂಗಿ, ಒಂದು ಕೇಳತೀನಿ. ಖರೇ ಹೇಳಬೇಕು."

"ಕೇಳ್ರಿ."

"ಆವಾಗ ಸೀಸೆ ತೊಳೀತಿದ್ದಾಕಿ ನಾನು. ನನ್ನ ಕೈಲೆ ಏನಾರ ಹೆಚ್ಚುಕಮ್ಮಿ ಆಗಿತ್ತೇನು? ರಾತ್ರಿ ಎಚ್ಚರಾದಾಗೆಲ್ಲ ಇದ ಬರತೈತಿ ತಲಿಗೆ. ಅವರನ್ನ ಕೇಳಾಕ ಬಾಯಿ ಬರಲಿಲ್ಲ. ಆಗಿದ್ರ ಹೇಳು, ನಾನೇನು ಸಾಯಂಗಿಲ್ಲ."

ಕೈಯಲ್ಲಿ ಬಾಟಲಿ ಇತ್ತು. ಅದನ್ನು ಹುಲ್ಲಿನಲ್ಲಿ ಇಟ್ಟು, ಮುಚ್ಚಳ ಬಿಗಿಯಿದೆಯೋ ಎಂದು ನೋಡುತ್ತ ಒಂದಿಷ್ಟು ಹೊತ್ತು ಕಳೆದೆ. ಸರ್ ಮೇಲೆ ನನಗೆ ಆಗ ಬಂದ ಸಿಟ್ಟು ಹೇಳತೀರದು. ತಾವು ಹೋಗಿ, ಇದನ್ನು ನನ್ನ ತಲೆಗೆ ಕಟ್ಟಿ ಹೋಗಿದ್ದರು. ಹೌದು ಎಂದರೆ ಈ ಹೆಂಗಸು ಮಗಳ ಹೆಸರು ಅಳಿದದ್ದನ್ನೂ ಗಂಡನ ಜೊತೆ ಬಿಟ್ಟ ಅಷ್ಟು ವರ್ಷದ ಮಾತನ್ನೂ ಒಟ್ಟಿಗೆ ಹೊತ್ತುಕೊಂಡು ಉಳಿದ ಕಾಲ ಬದುಕಬೇಕು. ಇಲ್ಲ ಎಂದರೆ ಸರ್ ತಪ್ಪಿತಸ್ಥರಾಗಿಯೇ ಮಣ್ಣಿನಲ್ಲಿರುತ್ತಾರೆ, ಅವರನ್ನು ಕ್ಷಮಿಸಬಲ್ಲ ಒಬ್ಬಳೇ ಒಬ್ಬಳಿಗೂ ಕ್ಷಮಿಸಲು ಕಾರಣವಿರುವುದಿಲ್ಲ.

"ನಿಮ್ಮ ಕಡಿಂದ ಏನೂ ಆಗಿಲ್ಲ ಅಕ್ಕಾರೆ" ಎಂದೆ. "ಸರ್ ನೋಡೋದ್ರಾಗ ತಪ್ಪಿದ್ರು. ಅಷ್ಟ."

ಅಕ್ಕಾರ ಭುಜ ಇಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾರ, ನಾನು ಮಾತು ಬಿಟ್ಟಿದ್ದರಾಗ ತಪ್ಪಿಲ್ಲ?"

"ತಪ್ಪಿಲ್ಲ ಅಕ್ಕಾರೆ" ಎಂದೆ.